ಹೌಸ್‌ಫುಲ್ ಅಂದಿದ್ದೆ

ಇಂಥದ್ದನ್ನು ಬೇರೆ ಯಾರಾದರೂ ಬರೆದಿದ್ದರೆ ನಾನೇ ನಕ್ಕು ಪುಟ ಮಗುಚುತ್ತಿದ್ದೆ. ಕಾರವಾರದ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಕಲಿಸಿದವನು ನಾನು. ಸತ್ತವರನ್ನು ಕಂಡೆ ಎಂದು ಯಾರಾದರೂ ಹೇಳಿದರೆ, ರಾತ್ರಿ ಏನು ಊಟ ಮಾಡಿದ್ದಿರಿ ಎಂದು ಕೇಳುವ ಪೈಕಿ. ಈಗ ನೀವು ನನ್ನನ್ನೂ ಹಾಗೆಯೇ ಕೇಳಬಹುದು, ಬೇಸರವಿಲ್ಲ. ಆದರೆ ನನಗೆ ಆದದ್ದು ರಾತ್ರಿಯಲ್ಲ, ಮಟಮಟ ಮಧ್ಯಾಹ್ನ, ಅದೂ ಟಾಕೀಸಿನಲ್ಲಿ. ಹೆದರಿಕೆಗಿಂತ ನಾಚಿಕೆಯೇ ಹೆಚ್ಚಾದ್ದರಿಂದ ಇಷ್ಟು ದಿನ ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ.

ನನ್ನಪ್ಪ ಬೆಳಂಬಾರದ ಮೀನುಗಾರ. ಅವನಿಗೆ ಇಪ್ಪತ್ತು ವರ್ಷವಾಗಿದ್ದಾಗ ನಮ್ಮ ಕಡಲ ದಂಡೆಯಲ್ಲಿ ಒಂದು ದೊಡ್ಡ ಸಿನಿಮಾದ ಶೂಟಿಂಗ್ ನಡೆದಿತ್ತು. ರಾಜರು, ಯುದ್ಧ, ಸಾವಿರಾರು ಸೈನಿಕರು ಇರುವ, ಮೂರು ತಾಸು ದಾಟುವ ಚಿತ್ರ. ಸತ್ತ ರಾಜನ ಹಡಗನ್ನು ನೂರು ಜನ ಹಗ್ಗ ಹಾಕಿ ದಡಕ್ಕೆ ಎಳೆಯುವ ದೃಶ್ಯಕ್ಕೆ ಊರಿನ ಗಂಡಸರನ್ನೇ ಕರೆದಿದ್ದರಂತೆ. ಕ್ಯಾಮೆರಾ ಇದ್ದದ್ದು ನೀರಿನಲ್ಲಿ, ದೋಣಿಯ ಮೇಲೆ. ಎಲ್ಲರೂ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು, ಕಡಲಿಗೆ ಬೆನ್ನು ಮಾಡಿ, ಮುಂದಕ್ಕೆ ಬಾಗಿ ನಡೆಯಬೇಕು.

ಅಪ್ಪ ತಪ್ಪಿದ್ದು ಅಲ್ಲೇ. ಅವನು ದಂಡೆಯಲ್ಲಿ ನಿಂತು ರಂಪಣಿ ಬಲೆ ಎಳೆದು ಬೆಳೆದವನು. ಬಲೆ ನೀರಿನಲ್ಲಿರುವ ತನಕ ಎಳೆಯುವವನು ಕಡಲನ್ನೇ ನೋಡುತ್ತ ಹಿಂದಕ್ಕೆ ನಡೆಯುತ್ತಾನೆ. ಹಗ್ಗ ಕೈಗೆ ಬಂದದ್ದೇ ಅಪ್ಪನ ಕಾಲುಗಳು ತಾವಾಗಿ ಹಿಂದಕ್ಕೆ ಹೋದವು. ಚೆನ್ನಾಗಿ ಬೈಸಿಕೊಂಡನಂತೆ. ಆಮೇಲೆ ಎಲ್ಲರಿಂದ ಇನ್ನೊಮ್ಮೆ ಎಳೆಸಿದರು. ಆದರೆ ಸಿನಿಮಾದಲ್ಲಿ ಉಳಿಸಿಕೊಂಡದ್ದು ಮೊದಲ ಸಲದ್ದನ್ನೇ, ನೋಡಿ ಬಂದವರು ಹೇಳಿದ್ದಾರೆ, ಎಲ್ಲರ ಬೆನ್ನು, ನನ್ನೊಬ್ಬನ ಮೋರೆ, ಎಂದು ಅಪ್ಪ ಹೇಳುತ್ತಿದ್ದ. ಚಿತ್ರ ಬಂದಾಗ ಅವನು ಮಲ್ಪೆಯಲ್ಲಿ ಬೋಟಿನ ಕೆಲಸಕ್ಕಿದ್ದ. ಸ್ವತಃ ನೋಡಿರಲಿಲ್ಲ.

ಚಿಕ್ಕಂದಿನಲ್ಲಿ ಈ ಕತೆ ಕೇಳಿ ನಾನೂ ಬೀಗಿದವನೇ. ಮಾಸ್ತರನಾದ ಮೇಲೆ ನನಗೆ ಅದು ಮುಜುಗರವಾಗತೊಡಗಿತು. ಒಂದು ಭಾನುವಾರ ಶಾಲೆಯ ಸಹೋದ್ಯೋಗಿಗಳು ಕಾರವಾರದ ನನ್ನ ಮನೆಗೆ ಬಂದಿದ್ದರು. ಅಪ್ಪನೂ ಇದ್ದ. ಟಿವಿಯಲ್ಲಿ ಅದೇ ಚಿತ್ರ ಹಾಕಿದ್ದರು. ಅಪ್ಪ ಟಿವಿಯ ಬುಡಕ್ಕೇ ಹೋಗಿ ಕೂತು, 'ಈಗ ಬತ್ತದೆ, ಈಗ ಬತ್ತದೆ' ಎನ್ನುತ್ತಿದ್ದ. ದೃಶ್ಯ ಬಂತು. ಇರುವೆ ಸಾಲಿನ ಹಾಗೆ ಬರೀ ಬೆನ್ನುಗಳು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮುಗಿದೂ ಹೋಯಿತು.

'ಇದ್ರಲ್ಲಿ ನಿನ್ನ ಬೆನ್ನು ಯಾವ್ದು ಅಪ್ಪಾ?' ಎಂದು ನಾನು ಕೇಳಿದೆ, ಎಲ್ಲರಿಗೂ ಕೇಳುವಂತೆ. ನಗು ಎದ್ದಿತು.

'ನಂದು ಬೆನ್ನಲ್ಲ ಮಗಾ, ಮೋರೆ. ಟಿವಿ ಸಣ್ಣದು, ಕಾಣೂದಿಲ್ಲ. ದೊಡ್ಡ ಪಡದೆ ಮೇಲೆ ಕಾಣ್ತದೆ.'

'ಸಾಕು ಮಾಡು ನಿನ್ನ ಸುಳ್ಳು' ಎಂದೆ. ಅಪ್ಪ ಎದ್ದು ಹೊರಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡ. ಸಂಜೆಯವರೆಗೆ ಇರುತ್ತೇನೆ ಎಂದಿದ್ದವನು ಎರಡೂವರೆಯ ಅಂಕೋಲೆ ಬಸ್ಸಿಗೇ ಊರಿಗೆ ಹೋದ. ಆ ಕತೆಯನ್ನು ನನ್ನೆದುರು ಮತ್ತೆಂದೂ ಹೇಳಲಿಲ್ಲ.

ಇಷ್ಟೇ ಆಗಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದೆ. ಕೆಲವು ವರ್ಷಗಳ ನಂತರ ಆ ಚಿತ್ರ ಕಾರವಾರದ ಟಾಕೀಸಿಗೆ ಒಂದು ವಾರದ ಮಟ್ಟಿಗೆ ಬಂತು. ಅಪ್ಪನಿಗೆ ಯಾರು ತಿಳಿಸಿದರೋ, ಊರಿನ ಅಂಗಡಿಯಿಂದ ಫೋನ್ ಮಾಡಿದ. ನಾನು ಬರ್ತೆ, ಕರ್ಕೊಂಡು ಹೋಗ್ತಿಯಾ, ಎಂದು ಮೆಲ್ಲಗೆ ಕೇಳಿದ. ಟಾಕೀಸಿನ ತುಂಬ ನನ್ನ ವಿದ್ಯಾರ್ಥಿಗಳಿರುತ್ತಾರೆ, ಇವನು ಎದ್ದು ನಿಂತು ಕೂಗಿದರೆ ನನ್ನ ಮಾನ ಹೋಗುತ್ತದೆ ಎಂದು ನನ್ನ ಲೆಕ್ಕ. 'ಟಿಕೇಟು ಸಿಕ್ಕೂದಿಲ್ಲ ಅಪ್ಪಾ, ವಾರವಿಡೀ ಹೌಸ್‌ಫುಲ್' ಎಂದುಬಿಟ್ಟೆ.

'ಹೌದಾ? ಅಷ್ಟು ಜನ ನೋಡ್ತ್ರಾ?' ಎಂದ. ಖುಷಿಯಿಂದ ಎಂದ. 'ಆಗ್ಲಿ ಬಿಡು, ನೋಡ್ಲಿ.'

ನಾನು ಟಾಕೀಸಿನ ಕಡೆ ಕಾಲೂ ಹಾಕಿರಲಿಲ್ಲ. ನಮ್ಮಿಬ್ಬರಲ್ಲಿ ಸುಳ್ಳ ಯಾರೆಂದು ನೀವೇ ಹೇಳಿ. ಆ ಮಳೆಗಾಲ ಕಳೆಯುವುದರೊಳಗೆ ಅಪ್ಪ ತೀರಿಕೊಂಡ.

ಎರಡು ವರ್ಷದ ಹಿಂದೆ ಆ ಚಿತ್ರವನ್ನು ಹೊಸದರಂತೆ ಶುದ್ಧ ಮಾಡಿ ಮತ್ತೆ ದೊಡ್ಡ ಪರದೆಗೆ ತಂದರು. ನಿವೃತ್ತನಾಗಿದ್ದೆ, ಮನೆಯಲ್ಲಿ ಯಾರಿಗೂ ಹೇಳದೆ ಮಧ್ಯಾಹ್ನದ ಆಟಕ್ಕೆ ಹೋದೆ. ಎಣಿಸುವುದು ನನ್ನ ಚಾಳಿ. ನನ್ನನ್ನೂ ಸೇರಿಸಿ ಒಟ್ಟು ಹದಿನಾಲ್ಕು ಜನ. ಇಂಟರ್ವಲ್ ಆಗಿ ಬಹಳ ಹೊತ್ತಿನ ಮೇಲೆ ಹಡಗಿನ ದೃಶ್ಯ ಬಂತು. ನೂರು ಬೆನ್ನುಗಳು, ಬಿಗಿದ ಹಗ್ಗ, ಹಿಂದೆ ನಮ್ಮೂರಿನ ತೆಂಗಿನ ಮರಗಳು. ಎಡಗಡೆಯಿಂದ ಏಳನೆಯದು ಬೆನ್ನಾಗಿರಲಿಲ್ಲ. ಮುಖ.

ಅದು ಅಪ್ಪನೇ. ಇಪ್ಪತ್ತು ವರ್ಷದ ಹುಡುಗನಾಗಿದ್ದರೆ ನಾನು ಇದನ್ನು ಬರೆಯುವ ಅಗತ್ಯವೇ ಇರಲಿಲ್ಲ, ಅಪ್ಪ ನಿಜ ಹೇಳಿದ್ದ ಎಂದು ಅತ್ತು ಮನೆಗೆ ಬರುತ್ತಿದ್ದೆ. ಪರದೆಯ ಮೇಲಿದ್ದವನು ನನಗೆ ಫೋನ್ ಮಾಡಿದ ಕಾಲದ ಮುದುಕ. ಬಿಳಿ ಕುರುಚಲು ಗಡ್ಡ, ಒಳಗೆ ಹೋದ ಕೆನ್ನೆ. ಹಗ್ಗ ಹಿಡಿದು ಒಂದೊಂದೇ ಹೆಜ್ಜೆ ಹಿಂದಕ್ಕೆ ಇಡುತ್ತಿದ್ದ. ಅವನ ಕಣ್ಣು ಟಾಕೀಸಿನ ಕುರ್ಚಿಗಳ ಮೇಲೆ ಹರಿದಾಡುತ್ತಿತ್ತು. ಬಾಲ್ಕನಿಯಿಂದ ಶುರುಮಾಡಿ, ಖಾಲಿ ಬಿದ್ದ ಸಾಲುಗಳನ್ನು ಒಂದೊಂದಾಗಿ ನೋಡುತ್ತ ಕೆಳಗೆ ಬಂತು. ಕೊನೆಗೆ ನನ್ನ ಮೇಲೆ ನಿಂತಿತು. ಸಿಟ್ಟಿರಲಿಲ್ಲ. ಟಿವಿಯ ಮುಂದಿನಿಂದ ಎದ್ದು ಹೋಗುವಾಗ ಇದ್ದ ಮುಖವೇ. ನಾನು ಕುರ್ಚಿಯಲ್ಲಿ ತಲೆ ತಗ್ಗಿಸಿದೆ. ಮತ್ತೆ ನೋಡಿದಾಗ ಅವನು ಹಗ್ಗವನ್ನು ಹೆಗಲಿಗೆ ಹಾಕಿಕೊಂಡು, ಉಳಿದವರ ಹಾಗೆ ತಿರುಗಿ, ಕಡಲಿಗೆ ಬೆನ್ನು ಮಾಡಿ ನಡೆಯುತ್ತಿದ್ದ. ಬಲೆ ನೀರಿನಲ್ಲಿರುವಾಗ ಅಪ್ಪ ಕಡಲಿಗೆ ಬೆನ್ನು ಮಾಡಿದ್ದನ್ನು ನಾನು ಹುಟ್ಟಿದಾಗಿನಿಂದ ಕಂಡವನಲ್ಲ.

ಸಕ್ಕರೆ ಕಾಯಿಲೆ ಇದೆ, ಊಟ ತಡವಾಗಿತ್ತು, ಕಣ್ಣು ಮಂಜಾಗಿತ್ತು. ಇವೆಲ್ಲವನ್ನೂ ನನಗೆ ನಾನೇ ಹೇಳಿಕೊಂಡೆ. ಮರುದಿನ ಶೆಟಗೇರಿಯಲ್ಲಿರುವ ತಂಗಿ ಶಾಂತಾಳನ್ನು ಕರೆಸಿದೆ. ಅವಳು ಅಪ್ಪನ ಮಾತನ್ನು ಒಂದು ದಿನವೂ ಅನುಮಾನಿಸಿದವಳಲ್ಲ. ನಾನು ಕಂಡದ್ದನ್ನೂ ಹೇಳಲಿಲ್ಲ, ಹೌಸ್‌ಫುಲ್ಲಿನ ಸುಳ್ಳನ್ನೂ ಹೇಳಲಿಲ್ಲ. ಅಪ್ಪನ ಸಿನಿಮಾ ಬಂದಿದೆ ಎಂದಷ್ಟೇ ಅಂದೆ. ಅವಳು ಇಸ್ತ್ರಿ ಮಾಡಿದ ಸೀರೆ ಉಟ್ಟು, ಅಬ್ಬಲಿಗೆ ಮುಡಿದು, ಮದುವೆಮನೆಗೆ ಹೊರಟವಳ ಹಾಗೆ ಬಂದಳು.

ಹಡಗಿನ ದೃಶ್ಯ ಬಂತು. ಎಡಗಡೆಯಿಂದ ಏಳನೆಯದನ್ನು ನೋಡಿದೆ. ಬೆನ್ನು. ಬಲಗಡೆಯಿಂದ ಎಣಿಸಿದೆ, ಹಿಂದಿನ ಸಾಲು ನೋಡಿದೆ. ಎಲ್ಲವೂ ಬೆನ್ನುಗಳೇ. ಏನು ನಡೆಯಿತೆಂದು ನನಗೆ ಅಂದೂ ತಿಳಿಯಲಿಲ್ಲ, ಇಂದೂ ತಿಳಿದಿಲ್ಲ.

ಶಾಂತಾ ನನ್ನ ಕೈ ಹಿಡಿದುಕೊಂಡಳು. ಅವಳ ಕಣ್ಣು ಪರದೆಯಿಂದ ಕದಲಿರಲಿಲ್ಲ.

'ಅಣ್ಣಾ, ಬೇಗ ಹೇಳು. ಇದ್ರಲ್ಲಿ ಅಪ್ಪಂದು ಯಾವ್ದು?'