ಮರಳುಗಾಡಿನಲ್ಲಿ ನಾಲ್ಕು ದಿನ

ಆಗ ಠಾಕುರ್ಲಿಯಲ್ಲಿ ನಮ್ಮದು ಒಂದೇ ಕೋಣೆಯ ಮನೆ. ಅಪ್ಪನಿಗೆ ಡೊಂಬಿವಲಿಯ ಹೋಟೆಲೊಂದರಲ್ಲಿ ಕೆಲಸ. ರಜೆ ಬಂತೆಂದರೆ ನನಗೂ ಅಕ್ಕನಿಗೂ ಚಾಳಿನ ಗ್ಯಾಲರಿಯೇ ಲೋಕ, ಕುಂಟಾಬಿಲ್ಲೆಯೇ ಪ್ರವಾಸ.

ನನಗೆ ಒಂಬತ್ತು ತುಂಬಿದ ವರ್ಷ, ದೀಪಾವಳಿ ರಜೆಯಲ್ಲಿ, ಸೀವುಡ್ಸ್‌ನ ದೊಡ್ಡಮ್ಮ ದೊಡ್ಡಪ್ಪ ನನ್ನೊಬ್ಬಳನ್ನೇ ರಾಜಸ್ಥಾನಕ್ಕೆ ಕರೆದೊಯ್ದರು. ಅವರಿಗೆ ಮಕ್ಕಳಿರಲಿಲ್ಲ. "ನಾಲ್ಕು ದಿನ ಡೇರೆಯಲ್ಲಿ ಇದ್ದು ಬಾ ಮಗಾ, ಒಂಟೆ ಎಲ್ಲ ಉಂಟಂತೆ," ಎನ್ನುತ್ತ ಅಮ್ಮ ನನ್ನ ಬಟ್ಟೆಗಳನ್ನೆಲ್ಲ ಸೂಟ್‌ಕೇಸಿಗೆ ತುಂಬಿದಳು. ಅಕ್ಕ ಹೊಟ್ಟೆಕಿಚ್ಚಿಗೆ ಮಾತೇ ಬಿಟ್ಟಿದ್ದಳು.

ಮರಳ ನಡುವೆ ಹತ್ತು ಹನ್ನೆರಡು ಬಿಳಿ ಡೇರೆಗಳು. ಒಳಗೆ ಬಿಸಿಲಿಗೆ ಕಾದ ದಪ್ಪ ಬಟ್ಟೆಯ ವಾಸನೆ, ಹೊದೆಯಲು ಕೆಂಪು ರಜಾಯಿ. ಸಜ್ಜೆ ರೊಟ್ಟಿಗೆ ತುಪ್ಪ ಬೆಲ್ಲ ಸವರಿ ಕೊಡುತ್ತಿದ್ದರು. ತುತ್ತು ತುತ್ತಿಗೂ ಹಲ್ಲಿನಡಿ ಮರಳು ಕರಕರ. ದಿನವಿಡೀ ದಿಬ್ಬ ಹತ್ತಿ, ಗೋಣಿಚೀಲದ ಮೇಲೆ ಕೂತು ಜಾರುವುದೇ ಆಟ. ಒಂಟೆಯವನು "ಬಿಟಿಯಾ ಆಪ್‌ಕೀ ಹೈ?" ಎಂದು ಕೇಳಿದ. ದೊಡ್ಡಮ್ಮ "ಹಾಂ, ಹಮಾರೀ," ಎಂದರು. ನನ್ನನ್ನು ತಮ್ಮ ಮಗಳೆಂದದ್ದು ತಮಾಷೆಯೆಂದು ನಕ್ಕೆ.

ಮೂರನೆಯ ಸಂಜೆ ಡೇರೆಯೊಳಗೆ ನನ್ನ ಕೂದಲಿನ ಮರಳು ಬಾಚುತ್ತ ದೊಡ್ಡಮ್ಮ ಹೇಳಿದರು: "ಇನ್ನು ನೀನು ನಮ್ಮಲ್ಲೇ ಇರುವುದು. ಸೀವುಡ್ಸ್‌ನ ಸ್ಕೂಲಲ್ಲಿ ಎಡ್ಮಿಶನ್ ಆಗಿದೆ."

"ಅಮ್ಮನಿಗೆ ಗೊತ್ತುಂಟಾ?"

"ಅಮ್ಮನೇ ಒಪ್ಪಿದ್ದು, ಮಗಾ."

ನಂಬದೆ ದೊಡ್ಡಪ್ಪನ ಮೊಬೈಲ್ ಕಸಿದುಕೊಂಡು ಹೊರಗೆ ಓಡಿದೆ. ದಿಬ್ಬದ ತುದಿಯಲ್ಲಿ ಮಾತ್ರ ಸಿಗ್ನಲ್ ಸಿಗುತ್ತಿತ್ತು.

"ನಾಲ್ಕೇ ದಿನ ಅಂದಿದ್ದೆಯಲ್ಲ ಅಮ್ಮಾ?"

"ಅಲ್ಲಿ ನಿನಗೇ ಅಂತ ಒಂದು ರೂಮ್ ಉಂಟು..."

"ನನ್ನನ್ನೇ ಯಾಕೆ? ಅಕ್ಕ ಇಲ್ವಾ?"

"ನೀನು ಸಣ್ಣವಳಲ್ಲವಾ. ಬೇಗ ಮರೆತುಬಿಡ್ತಿ."

ನಾನು ಅಳಲಿಲ್ಲ. ಒಂಟೆಯವನು ಬಂದು ಕೈಹಿಡಿದು ಇಳಿಸುವವರೆಗೂ ಅಲ್ಲೇ ಕೂತಿದ್ದೆ.

ದೊಡ್ಡಮ್ಮ ನನ್ನನ್ನು ಚೆನ್ನಾಗಿಯೇ ಬೆಳೆಸಿದರು. ಅದನ್ನು ಹೇಳದಿದ್ದರೆ ತಪ್ಪಾದೀತು. ಆದರೆ ಒಂದು ತಿಂಗಳ ನಂತರ ಮೊದಲ ಸಲ ಠಾಕುರ್ಲಿಗೆ ಹೋದಾಗ, ಅಕ್ಕ ಅಮ್ಮನಿಗೆ ಎದುರು ಮಾತಾಡಿ ಬೈಸಿಕೊಳ್ಳುತ್ತ ಸ್ಟೀಲ್ ಲೋಟದಲ್ಲಿ ಚಹಾ ಕುಡಿಯುತ್ತಿದ್ದಳು. ಅಮ್ಮ ನನಗೆ ಮಾತ್ರ ಕಪಾಟಿನಿಂದ ಹೂವಿನ ಚಿತ್ರದ ಕಪ್-ಸಾಸರು ತೆಗೆದು, ತೊಳೆದು, ಚಹಾ ಕೊಟ್ಟಳು. ಆಮೇಲೆ ಇಷ್ಟು ವರ್ಷಗಳಲ್ಲಿ ಆ ಮನೆಯಲ್ಲಿ ನನ್ನನ್ನು ಯಾರೂ ಒಮ್ಮೆಯೂ ಬೈದಿಲ್ಲ.