ಕಂಪ್ಯೂಟರಿಗೆ ಹಚ್ಚಿದ ಗಂಧ

ನಮ್ಮ ಕಾನ್ವೆಂಟಿನ ಹಳೆಯ ವಿದ್ಯಾರ್ಥಿನಿಯರೆಲ್ಲ ಅಂದು ಸಂಜೆ ಆನ್‌ಲೈನಿನಲ್ಲಿ ಸೇರುವವರಿದ್ದೆವು. ಹಾಸಿಗೆ ಹಿಡಿದಿದ್ದ, ನಮಗೆ ಪಾಠ ಹೇಳಿದ ಸಿಸ್ಟರ್ ಮಾತನಾಡುವವರಿದ್ದರು, ಬಹುಶಃ ಕೊನೆಯ ಸಲ. ಆ ಹೊತ್ತಿಗೇ ನನ್ನ ಕಂಪ್ಯೂಟರಿನಲ್ಲಿ ಸದ್ದಿಲ್ಲ. ಹಾಸನದ ಅಂಗಡಿಯಿಂದ ರಿಪೇರಿಯವನನ್ನು ಕರೆಸಿದೆ.

ಬಂದವನೇ ಕುರ್ಚಿಯಲ್ಲಿ ಕೂತು, "ಸಾರ್ ಇಲ್ವಾ?" ಎಂದ.

"ತೋಟಕ್ಕೆ ಹೋಗಿದ್ದಾರೆ. ಆಯುಧಪೂಜೆಗೆ ಅವರು ಹಚ್ಚಿದ ಗಂಧ ಸ್ಪೀಕರ್ ವೈರು ಚುಚ್ಚುವ ತೂತಿನಲ್ಲಿ ಒಣಗಿ ಕೂತಿದೆ. ತೆಗೆಯಿರಿ."

"ಅಂಗೆಲ್ಲ ಆಗಕಿಲ್ಲ ಕಣಮ್ಮ. ಸಾರ್‌ನ ಒಂದ್ಮಾತು ಕೇಳ್ಬುಡ್ತೀನಿ, ಫೋನ್ ಮಾಡ್ಕೊಡಿ."

ವಾರ್ಡನ್ ಆಗಿ ಹಾಸ್ಟೆಲ್ ತುಂಬ ಹುಡುಗಿಯರನ್ನು ಆಳಿದವಳು ನಾನು. ಮೈಯೆಲ್ಲ ಉರಿಯಿತು. ಆದರೂ ಹೊತ್ತಾಗುತ್ತದೆಂದು ಮಾಡಿಕೊಟ್ಟೆ.

ಕಂಪ್ಯೂಟರಿನ ಸ್ವಿಚ್ ಎಲ್ಲಿದೆಯೆಂದೂ ತಿಳಿಯದ ನನ್ನ ಯಜಮಾನರು, "ಫೋನ್ ನಮ್ಮನೆಯವರಿಗೆ ಕೊಡಪ್ಪ," ಎಂದರು. ನಾನು ಗಂಧದ ವಿಷಯ ಹೇಳಿದೆ. ಫೋನ್ ಮತ್ತೆ ಅವನ ಕೈಗೆ ಕೊಟ್ಟಾಗ ಅವರು ಅದನ್ನೇ ಪಾಠದಂತೆ ಒಪ್ಪಿಸಿದರು.

"ಸರಿ ಸಾ, ಈಗ್ಲೇ ಮಾಡ್ತೀನಿ ಸಾ," ಎಂದು ಕಡ್ಡಿಯಿಂದ ಗಂಧ ಕೆರೆದು ತೆಗೆದ. "ನೋಡಿ ಅಮ್ಮಾವ್ರೇ, ಸಾರ್‌ಗೆ ಎಲ್ಲಾ ಗೊತ್ತೈತೆ."

ಸಭೆ ಆಗಲೇ ಶುರುವಾಗಿತ್ತು. ಸ್ಪೀಕರಿನಿಂದ ಸಿಸ್ಟರ್ ದನಿ ಕ್ಷೀಣವಾಗಿ, ಆದರೆ ಹಳೆಯ ಗದರಿಕೆಯಲ್ಲೇ ಬಂತು: "ತಡವಾಗಿ ಬಂದವರು ಎದ್ದು ನಿಲ್ಲಿ."

ನಾನು ನಿಂತೆ. ಅವನನ್ನೂ ಕುರ್ಚಿಯಿಂದ ಎಬ್ಬಿಸಿ ನಿಲ್ಲಿಸಿದೆ. ಅದಕ್ಕೆ ಅವನು ಸಾರ್‌ನ ಕೇಳಲಿಲ್ಲ.