ಮೊಣಕೈಗೆ ಕಟ್ಟಿದ ಬೆಲೆ

ಇಂಡಿಯನ್ ಅಂಗಡಿಯ ಫ್ರೀಜರ್ ಮುಂದೆ ನಿಂತು ಅವರೆಕಾಳಿನ ಪೊಟ್ಟಣಗಳನ್ನು ಒಂದೊಂದಾಗಿ ಹಿಸುಕಿ ನೋಡುವ ಹೆಂಗಸನ್ನು ನೀವು ಎಲ್ಲಾದರೂ ಕಂಡಿದ್ದರೆ, ಅದು ನಾನೇ ಇರಬೇಕು. ಒಳಗೆ ಕಾಳು ಬಿಡಿಬಿಡಿಯಾಗಿ ಉರುಳಬೇಕು. ಕಲ್ಲಿನಂತೆ ಒಂದೇ ಮುದ್ದೆಯಾಗಿದ್ದರೆ ಅದು ಎಲ್ಲೋ ಒಮ್ಮೆ ಕರಗಿ ಮತ್ತೆ ಹೆಪ್ಪುಗಟ್ಟಿದೆ ಎಂದರ್ಥ. ಇವತ್ತು ಬೆಳಿಗ್ಗೆಯೂ ಹೀಗೇ ಹಿಸುಕುತ್ತಿದ್ದೆ. ಅಂಗಡಿಯಾತ ಗಲ್ಲಾದಿಂದಲೇ ನನ್ನನ್ನು ಗುರಾಯಿಸುತ್ತಿದ್ದ. ಅಷ್ಟರಲ್ಲಿ ಫೋನಿಗೆ ನಮ್ಮವರ ಮೆಸೇಜು ಬಂತು. ‘ಜಪಾನಿನವ ಮತ್ತೊಬ್ಬ ಬರ್ತಾನಂತೆ ಮಾರಾಯ್ತಿ! ನಮ್ಮ ಬೇಸ್‌ಬಾಲ್ ಟೀಮು ಅವನ ಬೆನ್ನು ಹತ್ತಿದೆ.’

ಒಂದು ಕೈಯಲ್ಲಿ ತಣ್ಣಗಿನ ಅವರೆಕಾಳು, ಇನ್ನೊಂದರಲ್ಲಿ ಈ ಸುದ್ದಿ. ಎರಡೂ ಒಟ್ಟಿಗೆ ಬಂದರೆ ಕೆಲವು ಚಳಿಗಾಲಗಳ ಹಿಂದಿನ ಒಂದು ಭಾನುವಾರ ನೆನಪಾಗದೆ ಇರುವುದಿಲ್ಲ.

ಬೇಸ್‌ಬಾಲ್ ನನಗೆ ಮದುವೆಯಾಗಿ ಬಂದ ಮೇಲೆ ಅಂಟಿಕೊಂಡ ಆಟ. ನಮ್ಮವರು ಉಡುಪಿ ಕಡೆಯವರು, ಒಮ್ಮೆ ಹಿಡಿದದ್ದನ್ನು ಬಿಡುವ ಜಾಯಮಾನ ಅವರದ್ದಲ್ಲ. ಲಾಸ್ ಏಂಜಲೀಸಿಗೆ ಬಂದ ಹೊಸತರಲ್ಲಿ ಆಫೀಸಿನವರ ಜೊತೆ ಒಂದು ಮ್ಯಾಚಿಗೆ ಹೋದರು, ಅಲ್ಲಿಂದ ಇಲ್ಲಿಯವರೆಗೆ ಎಲ್.ಎ. ತಂಡಕ್ಕೆ ಶರಣು. ನಾನು ಬರ್ಬ್ಯಾಂಕಿನಲ್ಲಿ ಒಂದು ಸ್ಟುಡಿಯೋದ ಲೆಕ್ಕಪತ್ರ ನೋಡುವವಳು. ಸಂಜೆ ಟ್ರಾಫಿಕ್ಕಿನಲ್ಲಿ ಬೆಂದು ವುಡ್‌ಲ್ಯಾಂಡ್ ಹಿಲ್ಸಿನ ಮನೆ ಸೇರಿದರೆ ಟಿ.ವಿ.ಯಲ್ಲಿ ಅದೇ ಆಟ. ಪಿಚರ್ ಎಂದರೆ ನಮ್ಮ ಕ್ರಿಕೆಟ್ಟಿನ ಬೌಲರ್ ಇದ್ದ ಹಾಗೆ, ಆದರೆ ಓಡಿಬಾರದೆ ನಿಂತಲ್ಲಿಂದಲೇ ಎಸೆಯುತ್ತಾನೆ ಎನ್ನುವಷ್ಟು ತಿಳಿಯಲು ನನಗೆ ಒಂದು ಸೀಸನ್ನೇ ಬೇಕಾಯಿತು. ಮೈದಾನಕ್ಕೆ ಹೋದಾಗ ಎಲ್ಲರೂ ಎದ್ದು ನಿಂತರೆ ನಾನೂ ಎದ್ದು ನಿಲ್ಲುತ್ತಿದ್ದೆ, ಮಂಗಳಾರತಿಗೆ ಎದ್ದ ಹಾಗೆ.

ನನ್ನ ತಮ್ಮ ಗಿರಿ ಇರುವುದು ದಕ್ಷಿಣಕ್ಕೆ, ಸ್ಯಾನ್ ಡಿಯೇಗೋ ಹತ್ತಿರದ ಕಾರ್ಲ್ಸ್‌ಬಾಡಿನಲ್ಲಿ. ಅವನದು ಸ್ಯಾನ್ ಡಿಯೇಗೋ ತಂಡ. ಭಾವನಿಗೂ ಭಾವಮೈದನಿಗೂ ಮಾತಾಡಲು ಒಂದು ವಿಷಯ ಬೇಕಲ್ಲ, ಇವರಿಗೆ ಇದು ಸಿಕ್ಕಿತ್ತು. ಆ ಚಳಿಗಾಲದಲ್ಲಿ ಜಪಾನಿನ ಒಬ್ಬ ಹುಡುಗ ಅಮೆರಿಕಕ್ಕೆ ಆಡಲು ಬರುತ್ತಾನೆ, ಎರಡೂ ತಂಡಗಳು ಅವನ ಬೆನ್ನು ಹತ್ತಿವೆ ಎಂದು ಸುದ್ದಿಯಾಯಿತು. ಅಲ್ಲಿಗೆ ನಮ್ಮ ಮನೆಯ ನೆಮ್ಮದಿ ಹೋಯಿತು. ದಿನಾ ಸಂಜೆ ಗಿರಿಯ ಫೋನು, ಸ್ಪೀಕರಿನಲ್ಲಿ ಜಗಳ.

‘ಭಾವ, ಉಂಡೋರಿಗೇ ಎಷ್ಟು ಸಲ ಬಡಿಸ್ತಾರೆ? ನಿಮ್ ಹತ್ರ ಇಲ್ದಿರೋ ಪಿಚರ್ ಯಾರಿದಾರೆ? ಒಬ್ಬನ್ನ ನಮ್ಗೆ ಬಿಡಿ.’

‘ಬಿಡ್ಲಿಕ್ಕೆ ಅವ ನಮ್ಮ ಜೇಬಲ್ಲಿ ಉಂಟಾ ಮಾರಾಯ? ಅವನಿಗೆ ಬುದ್ಧಿ ಇದ್ರೆ ಇಲ್ಲಿಗೇ ಬರ್ತಾನೆ.’

‘ಇಲ್ಲಿ ಬಂದು ಒಂದು ಬಾಲೂ ಹಾಕಿಲ್ಲ, ಆಗ್ಲೇ ನೀವು ಕಪ್ ಗೆದ್ದಾಯ್ತು. ಕೂಸು ಹುಟ್ಟೋಕೆ ಮುಂಚೆ ಕುಲಾವಿ!’

ಕೇಳುವವರಿಗೆ ತಮಾಷೆ. ಆದರೆ ತಮಾಷೆಗೆ ಶುರುವಾದದ್ದು ದಿನ ಕಳೆದಂತೆ ಬಿಗಿಯಾಯಿತು. ಆ ಹುಡುಗ ಯಾವ ತಂಡದವರ ಜೊತೆ ಊಟ ಮಾಡಿದ, ಯಾರು ಅವನಿಗೆ ಏನು ತೋರಿಸಿದರು ಎಂದು ಇವರಿಬ್ಬರೂ ಆಫೀಸಿನ ಕೆಲಸದ ನಡುವೆಯೂ ಹುಡುಕುತ್ತಿದ್ದರು. ನನಗೆ ಅದೆಲ್ಲ ಹೆಣ್ಣು ನೋಡುವ ಶಾಸ್ತ್ರದಂತೆ ಕಾಣುತ್ತಿತ್ತು. ವಯಸ್ಸೆಷ್ಟು, ಎತ್ತರವೆಷ್ಟು, ಹೊಂದಿಕೊಂಡು ಹೋಗುತ್ತಾನಾ, ಆರೋಗ್ಯ ಹೇಗೆ. ಕೊನೆಗೆ ಎಲ್ಲ ಬಂದು ನಿಂತದ್ದು ಅವನ ಬಲಗೈಯ ಮೇಲೆ. ಮೊಣಕೈಯಲ್ಲಿ ಏನೋ ತೊಂದರೆ ಇದೆಯಂತೆ ಎಂದು ಯಾರೋ ಎಲ್ಲೋ ಬರೆದಿದ್ದರು. ನಿಜವೋ ಸುಳ್ಳೋ ದೇವರಿಗೇ ಗೊತ್ತು.

ಈ ಜಗಳವನ್ನು ತುಂಬ ಗಮನವಿಟ್ಟು ಕೇಳುತ್ತಿದ್ದವಳು ಒಬ್ಬಳಿದ್ದಳು. ನಮ್ಮ ಮಗಳು ಮೇಧಾ. ಆಗ ಅವಳಿಗೆ ಹನ್ನೆರಡು. ಗಿರಿಮಾಮ ತಂದುಕೊಟ್ಟ ಗ್ಲೌಸನ್ನು ಮಲಗುವಾಗಲೂ ಪಕ್ಕದಲ್ಲಿ ಇಟ್ಟುಕೊಳ್ಳುವಷ್ಟು ಹುಚ್ಚು. ಗಲ್ಲಿಯ ಹುಡುಗರ ಜೊತೆ ಆಡುತ್ತ ಪಿಚಿಂಗ್ ಕಲಿತಳು, ಚೆನ್ನಾಗಿಯೇ ಕಲಿತಳು. ಕಾರ್ಲ್ಸ್‌ಬಾಡಿನಲ್ಲಿ ಹುಡುಗಿಯರದ್ದೇ ಒಂದು ತಂಡ ಕಟ್ಟುತ್ತಿದ್ದಾರೆ, ಶನಿವಾರ ಆಯ್ಕೆ ಎಂದು ಗಿರಿಯೇ ಪತ್ತೆ ಮಾಡಿ ಹೆಸರು ಬರೆಸಿದ್ದ. ಆಯ್ಕೆಯಾದರೆ ವಾರದ ಕೊನೆಗೆಲ್ಲ ಮಾಮನ ಮನೆ. ಅವಳಿಗೆ ಬೇರೆ ಏನೂ ಬೇಕಿರಲಿಲ್ಲ.

ಅದರ ಹಿಂದಿನ ಭಾನುವಾರ ಗಿರಿ ಊಟಕ್ಕೆ ಬಂದಿದ್ದ. ಅವನಿಗೆ ಹಿತಕಿದ ಅವರೆಕಾಳಿನ ಸಾರು ಎಂದರೆ ಪ್ರಾಣ. ಬೆಳಿಗ್ಗೆ ಫ್ರೀಜರ್ ತೆಗೆದು ಪೊಟ್ಟಣ ಹೊರಗಿಟ್ಟೆ. ಮುದ್ದೆ. ಇನ್ನೊಂದು ತೆಗೆದೆ, ಅದೂ ಮುದ್ದೆ, ಅದರ ಮೇಲೆ ಏನನ್ನೋ ಒತ್ತಿ ಹಿಡಿದಂತೆ ಒಂದು ತಗ್ಗು ಬೇರೆ. ಫ್ರೀಜರ್ ಕೆಟ್ಟಿದೆ ಎಂದು ನಮ್ಮವರ ಮೇಲೆ ರೇಗಿದೆ. ‘ಐಸ್‌ಕ್ರೀಂ ಗಟ್ಟಿ ಇದೆಯಲ್ಲ, ಫ್ರೀಜರ್ ಹೇಗೆ ಕೆಡ್ತದೆ?’ ಎಂದು ಅವರು ಟಿ.ವಿ. ಮುಂದಿನಿಂದ ಏಳಲಿಲ್ಲ. ಆ ಮಾತು ಸರಿಯಾಗಿಯೇ ಇತ್ತು. ನನಗೆ ಮಾತ್ರ ಇನ್ನೂ ಬುದ್ಧಿ ಹೊಳೆದಿರಲಿಲ್ಲ.

ಊಟಕ್ಕೆ ಕುಳಿತೆವು. ಅನ್ನ ಕಲಸುವ ಮೊದಲೇ ಜಪಾನಿನ ಹುಡುಗನ ಮಾತು ತಟ್ಟೆಗೆ ಬಂತು.

‘ಮೊಣಕೈ ಪರೀಕ್ಷೆ ಮಾಡಿಸದೆ ತಗೊಳ್ಳುವುದುಂಟಾ? ಮುರಿದ ಮಾಲು ಯಾರಿಗೆ ಬೇಕು?’ ಎಂದರು ನಮ್ಮವರು.

ಗಿರಿ ನಕ್ಕ. ‘ನೋವಿದ್ರೆ ಅವನು ಹೇಳ್ತಾನಾ ಭಾವ? ದಡ್ಡನಾ? ನೋವು ಅಂತ ಬಾಯಿ ಬಿಟ್ಟ ದಿನವೇ ಬೆಲೆ ಬಿದ್ಹೋಯ್ತು. ಸೈನ್ ಆಗೋವರ್ಗೂ ಸುಮ್ನಿರೋನೇ ಜಾಣ.’

ಮೇಧಾ ಬಲಗಡೆ ಇದ್ದ ನೀರಿನ ಲೋಟಕ್ಕೆ ಮೈ ತಿರುಗಿಸಿ ಕೈ ಚಾಚಿದಳು. ಎಡಗೈ. ಬಲಗೈಯನ್ನು ಹೊಟ್ಟೆಗೆ ಆನಿಸಿಕೊಂಡು, ತಟ್ಟೆಯನ್ನೇ ತನ್ನ ಹತ್ತಿರಕ್ಕೆ ಎಳೆದುಕೊಂಡಿದ್ದಳು. ಮಾಮ ಹೇಳಿದ ಮಾತಿಗೆ ಅವಳು ಮೆಲ್ಲಗೆ ತಲೆಯಾಡಿಸಿದ್ದನ್ನು ನಾನು ನೋಡಿದೆ. ಪಾಠ ಕೇಳುವ ಮಕ್ಕಳು ಆಡಿಸುತ್ತಾರಲ್ಲ, ಹಾಗೆ.

ಗಿರಿ ಆಡಿದ್ದು ಅವನ ಮಾತಾಗಿರಲಿಲ್ಲ, ನಮ್ಮ ದೊಡ್ಡಮ್ಮನದು.

ಇಲ್ಲಿ ನನ್ನ ಕಥೆ ಸ್ವಲ್ಪ ಹೇಳಬೇಕು, ಬೇಸರಪಡಬೇಡಿ. ಚಿಕ್ಕಂದಿನಲ್ಲಿ ಸೈಕಲ್ಲಿನಿಂದ ಬಿದ್ದು ನನ್ನ ಬಲ ಮೊಣಕೈ ಮುರಿದಿತ್ತು. ನಾಟಿ ಕಟ್ಟು ಕಟ್ಟಿಸಿದರು, ಮೂಳೆ ಸೊಟ್ಟಗೆ ಕೂಡಿಕೊಂಡಿತು. ಇವತ್ತಿಗೂ ಆ ಕೈ ಪೂರ್ತಿ ಚಾಚಲು ಬರುವುದಿಲ್ಲ. ಗಂಡಿನ ಕಡೆಯವರು ನೋಡಲು ಬರುತ್ತಾರೆ ಎಂದಾಗ ಅಮ್ಮ ನನಗೆ ತುಂಬುತೋಳಿನ ರವಿಕೆ ಹೊಲಿಸಿದಳು, ಬೇಸಿಗೆಯ ಧಗೆಯಲ್ಲಿ. ದೊಡ್ಡಮ್ಮ ಅಡುಗೆಮನೆಯಲ್ಲಿ ನಿಲ್ಲಿಸಿಕೊಂಡು ಹೇಳಿಕೊಟ್ಟಳು: ‘ತಟ್ಟೆ ಎದೆ ಹತ್ರ ಹಿಡ್ಕೊಂಡು ಕೊಡು, ಕೈ ಚಾಚಬೇಡ. ನೋವು ಗೀವು ಅಂತ ಬಾಯಿ ಬಿಟ್ರೆ ಬೆಲೆ ಬಿತ್ತು ಅಂತಾನೇ ತಿಳ್ಕೊ. ತಾಳಿ ಬೀಳೋವರ್ಗೂ ಸುಮ್ನಿರೋಳೇ ಜಾಣೆ.’ ಗಿರಿ ಆಗ ಚಡ್ಡಿ ಹುಡುಗ. ಅಲ್ಲೇ ಕಟ್ಟೆಯ ಮೇಲೆ ಕೂತು ಕೇಸರಿಬಾತಿನ ಗೋಡಂಬಿ ಆರಿಸಿ ತಿನ್ನುತ್ತಿದ್ದ. ಎಲ್ಲಿ ಕೇಳಿದ್ದೆಂದು ಅವನಿಗೆ ಮರೆತಿರಬಹುದು, ಮಾತು ಮಾತ್ರ ಉಳಿದುಕೊಂಡಿತ್ತು.

ಮದುವೆಯಾಯಿತು. ಬಟ್ಟೆ ಒಣಹಾಕುವಾಗ ಗುಟ್ಟು ಬಯಲಾಗಿ ನಾನು ಅಳು ನುಂಗಿ ನಿಂತಿದ್ದರೆ ನಮ್ಮವರು, ‘ನಂಗೆ ಅವತ್ತೇ ಗೊತ್ತಾಗಿತ್ತು ಮಾರಾಯ್ತಿ, ಪ್ಲೇಟು ನನ್ನ ಹತ್ರ ಬರ್ಲೇ ಇಲ್ಲ, ನಾನೇ ಬಗ್ಗಿ ತಗೊಂಡೆ’ ಎಂದರು. ಒಳ್ಳೆಯ ಮನುಷ್ಯ. ಆದರೂ ನೋಯುತ್ತದಾ ಎಂದು ಅವರೂ ಕೇಳಲಿಲ್ಲ. ನಾನಾಗಿ ಹೇಳಲೂ ಇಲ್ಲ. ಸುಮ್ಮನಿರುವುದು ಅಷ್ಟರಲ್ಲಿ ಅಭ್ಯಾಸವಾಗಿಹೋಗಿತ್ತು.

ಊಟದ ಮನೆಗೆ ಮರಳೋಣ. ಮಜ್ಜಿಗೆ ತರುವ ನೆಪದಲ್ಲಿ ಮೇಧಾಳನ್ನು ಅಡುಗೆಮನೆಗೆ ಕರೆದೆ. ‘ಕೈ ಚಾಚು’ ಎಂದೆ. ಎಡಗೈ ಚಾಚಿದಳು. ‘ಇನ್ನೊಂದು.’

ಅದು ಅರ್ಧಕ್ಕೇ ನಿಂತಿತು. ಮೊಣಕೈಯ ಒಳಬದಿ ಊದಿ ಬಿಸಿಯಾಗಿತ್ತು. ಐಸ್ ತೆಗೆದರೆ ಫ್ರಿಜ್ಜು ಗಡಗಡ ಸದ್ದು ಮಾಡುತ್ತದೆ, ಅದಕ್ಕೇ ಅವರೆಕಾಳಿನ ಪೊಟ್ಟಣ. ಎಷ್ಟು ದಿನಗಳಿಂದ ಒತ್ತಿಕೊಂಡಿದ್ದಳೋ.

‘ಪ್ಲೀಸ್ ಅಮ್ಮ, ಡೋಂಟ್ ಟೆಲ್ ಗಿರಿಮಾಮ,’ ಎಂದಳು. ‘ಆಫ್ಟರ್ ಸ್ಯಾಟರ್ಡೇ. ಐ ಪ್ರಾಮಿಸ್.’

ನಿಮಗೆ ಸುಳ್ಳು ಹೇಳುವುದಿಲ್ಲ. ಆ ಕ್ಷಣಕ್ಕೆ ನನ್ನ ತಲೆ ಶನಿವಾರದ ಲೆಕ್ಕ ಹಾಕಿತು. ಇನ್ನು ಕೆಲವೇ ದಿನ, ಬಿಸಿನೀರಿನ ಶಾಖ, ಒಂದು ನೋವಿನ ಮಾತ್ರೆ, ಉದ್ದ ತೋಳಿನ ಅಂಗಿ. ಆ ಉದ್ದ ತೋಳಿನ ಅಂಗಿಯವರೆಗೂ ಹೋದ ಮೇಲೆ ನನಗೆ ಹೆದರಿಕೆಯಾಯಿತು. ನಾನು ಅಮ್ಮನಾಗಿ, ದೊಡ್ಡಮ್ಮನೂ ಆಗಿ, ನಮ್ಮ ಮನೆಯ ಹುಡುಗಿಯ ಕೈಯನ್ನು ಇನ್ನೊಂದು ಸಲ ಮುಚ್ಚಿಡಲು ಹೊರಟಿದ್ದೆ.

ಅವಳನ್ನು ಭುಜ ಹಿಡಿದು ಹೊರಗೆ ಕರೆತಂದೆ. ಅವಳು ಕಾಲೂರಿ ನಿಂತಳು, ‘ಅಮ್ಮ, ನೋ’ ಎಂದಳು. ಗಂಡಸರಿಬ್ಬರೂ ಇನ್ನೂ ಜಪಾನಿನವನ ಮೊಣಕೈಗೆ ಬೆಲೆ ಕಟ್ಟುತ್ತಲೇ ಇದ್ದರು.

‘ಗಿರಿ,’ ಎಂದೆ, ‘ನೀನು ಇಷ್ಟು ಹೊತ್ತು ಮಾತಾಡಿದ ಕೈ ಇಲ್ಲಿದೆ, ನೋಡು. ಸೈನ್ ಆಗೋವರ್ಗೂ ಸುಮ್ನಿರಬೇಕು ಅಂತ ಇವಳು ಕದ್ದು ಅವರೆಕಾಳಿನ ಪೊಟ್ಟಣ ಒತ್ಕೊಂಡು ಓಡಾಡ್ತಿದಾಳೆ.’

ಟಿ.ವಿ. ತನ್ನ ಪಾಡಿಗೆ ಮಾತಾಡುತ್ತಿತ್ತು. ನಮ್ಮವರು ಎಂಜಲು ಕೈಯಲ್ಲೇ ಎದ್ದು ನಿಂತರು. ಗಿರಿ ಅವಳ ಕೈ ಮುಟ್ಟಲು ಹೋದ. ಅವಳು ಕೊಸರಿಕೊಂಡು ಮಹಡಿಗೆ ಓಡಿದಳು. ಬಾಗಿಲು ಧಡಾರನೆ ಬಿತ್ತು. ಗಿರಿ ಸಾರು ಮುಗಿಸಲಿಲ್ಲ. ಕಾರ್ಲ್ಸ್‌ಬಾಡ್ ಸೇರಿದ ಮೇಲೂ ‘ತಲುಪಿದೆ’ ಎಂದು ಫೋನು ಮಾಡಲಿಲ್ಲ.

ಬೆಳೆಯುವ ವಯಸ್ಸಿನ ಎಳೆಮೂಳೆಗೆ ಪೆಟ್ಟಾಗಿದೆ ಎಂದರು ಡಾಕ್ಟರು. ಇನ್ನಷ್ಟು ದಿನ ಎಸೆದಿದ್ದರೆ ಮೂಳೆಯ ಚೂರೇ ಕಿತ್ತು ಬರುತ್ತಿತ್ತಂತೆ. ತಿಂಗಳುಗಟ್ಟಲೆ ಚೆಂಡು ಮುಟ್ಟುವಂತಿರಲಿಲ್ಲ. ಶನಿವಾರ ಬಂತು, ಹೋಯಿತು. ತಂಡಕ್ಕೆ ಬೇರೆ ಹುಡುಗಿಯರು ಸೇರಿಕೊಂಡರು. ಮೇಧಾ ನನ್ನ ಜೊತೆ ಬೇಕಾದಷ್ಟೇ ಮಾತಾಡತೊಡಗಿದಳು. ಹಸಿವು, ಸ್ಕೂಲು, ಲಾಂಡ್ರಿ. ಒಂದು ದಿನ ಕಾರಿನಲ್ಲಿ ಮಾತ್ರ, ಕಿಟಕಿಯ ಕಡೆ ತಿರುಗಿಕೊಂಡು, ‘ಯೂ ಟೋಲ್ಡ್ ದೆಮ್ ಲೈಕ್ ಐ ವಾಸ್ ಬ್ರೋಕನ್’ ಎಂದಳು. ಮುರಿದ ಮಾಲು ಎಂದು ಸಾರಿದ ಹಾಗಿತ್ತಂತೆ ನನ್ನ ಮಾತು. ಅವಳು ಹೇಳಿದ್ದರಲ್ಲೂ ನಿಜವಿತ್ತು. ಮುಚ್ಚಿಡಬಾರದು ಎನ್ನುವ ಆತುರದಲ್ಲಿ ನಾನು ಅವಳನ್ನು ತಟ್ಟೆಯ ಹಾಗೆ ಹಿಡಿದುಕೊಂಡು ಹೋಗಿ ಗಂಡಸರ ಮುಂದೆ ನಿಲ್ಲಿಸಿದ್ದೆ.

ಜಪಾನಿನ ಹುಡುಗ ಕೊನೆಗೆ ಎಲ್.ಎ.ಯನ್ನೇ ಆರಿಸಿಕೊಂಡ. ಸುದ್ದಿ ಬಂದಾಗ ನಮ್ಮವರು ಕುಣಿಯುತ್ತಾರೆ ಎಂದುಕೊಂಡಿದ್ದೆ. ಅವರು ಒಮ್ಮೆ ಮಹಡಿಯ ಕಡೆ ನೋಡಿ ಟಿ.ವಿ. ಆರಿಸಿದರು. ಕಾರ್ಲ್ಸ್‌ಬಾಡಿನಿಂದ ಬೈಗುಳದ ಫೋನೂ ಬರಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಕೈ ನೆಟ್ಟಗಾಯಿತು, ಪಿಚಿಂಗ್ ಹೋಯಿತು. ಮೇಧಾ ಈಗ ಹೈಸ್ಕೂಲು. ಸಾಫ್ಟ್‌ಬಾಲ್ ತಂಡದಲ್ಲಿ, ದೂರಕ್ಕೆ ಎಸೆಯುವ ಕೆಲಸ ಕಡಿಮೆ ಇರುವ ಎರಡನೆಯ ಬೇಸಿನ ಹತ್ತಿರ ನಿಲ್ಲುತ್ತಾಳೆ, ನಗುತ್ತಾಳೆ, ಮೈಯೆಲ್ಲ ಮಣ್ಣು ಮಾಡಿಕೊಂಡು ಬರುತ್ತಾಳೆ. ನೀನು ಮಾಡಿದ್ದೇ ಸರಿ ಎಂದು ಅವಳು ಇದುವರೆಗೆ ಹೇಳಿಲ್ಲ. ಹೇಳಬೇಕೆಂದು ನಾನೂ ಕಾಯುತ್ತಿಲ್ಲ. ಕಾಯುತ್ತಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ.

ಇವತ್ತು ಅಂಗಡಿಯಿಂದ ಹೊರಬಂದು ಸಾಮಾನು ಕಾರಿನಲ್ಲಿಟ್ಟು ಬಾಗಿಲು ಹಾಕಿದಾಗ ಗಿರಿಯ ಫೋನು. ಸುದ್ದಿ ಅವನನ್ನೂ ಮುಟ್ಟಿರಬೇಕು. ಎತ್ತಿದ ತಕ್ಷಣ ಅವನು ‘ಹಲೋ’ ಎನ್ನಲಿಲ್ಲ.

‘ಅಕ್ಕ, ಸ್ಪೀಕರಲ್ಲಿದೀನಾ? ಮೇಧಾ ಇದಾಳಾ ಪಕ್ಕದಲ್ಲಿ?’

‘ಇಲ್ಲ ಕಣೋ, ಸ್ಕೂಲಲ್ಲಿದಾಳೆ.’

‘ಹಾಗಾದ್ರೆ ಸರಿ.’ ಉಸಿರು ಬಿಟ್ಟ. ‘ಭಾವಂಗೆ ಹೇಳು, ಈ ಸಲದವನ ಭುಜದಲ್ಲಿ ಏನೋ ಇದೆಯಂತೆ. ಅವನು ಹೇಳ್ತಿಲ್ಲ ಅಷ್ಟೆ…’

‘ಗಿರಿ,’ ಎಂದೆ. ‘ಅವಳಿಲ್ಲ. ಕೇಳಿಸ್ಕೊಳ್ಳೋಕೆ ನಾನಿದೀನಲ್ಲ.’

ಭುಜದ ಮಾತನ್ನು ಅವನು ಅಲ್ಲಿಗೇ ಬಿಟ್ಟ.

‘ಅಕ್ಕ,’ ಎಂದ, ಮೆಲ್ಲಗೆ. ‘ನಿನ್ ಕೈ ಈಗ್ಲೂ ನೋಯುತ್ತಾ?’

‘ಏನಿಲ್ಲಪ್ಪ’ ಎನ್ನುವುದು ನಾಲಗೆಯ ತುದಿಗೆ ಬಂದಿತ್ತು. ಅದು ತಾನೇ ತಾನಾಗಿ ಬರುವ ಮಾತು. ಮದುವೆಗೆ ಮುಂಚಿನಿಂದ ಬಾಯಲ್ಲಿ ತಯಾರಾಗಿ ಕೂತಿರುವ ಮಾತು.

‘ನೋಯುತ್ತೆ ಕಣೋ,’ ಎಂದೆ. ‘ತುಂಬಾ ನೋಯುತ್ತೆ.’